ಹುರುಳಿಬಂಡೆಯ ಕತ್ತಲು

ಜೈಸಲ್ಮೇರ್ ಹತ್ತಿರದ ಮರಳುಗಾಡಿನ ಶಿಬಿರ
೧೨ ಏಪ್ರಿಲ್ ೨೦೨೫

ಅಪ್ಪನಿಗೆ ಯಶಸ್ವಿನಿಯ ನಮಸ್ಕಾರ. ಅದರಲ್ಲಿ ಅರ್ಧ ಅಮ್ಮನಿಗೆ.

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ನಿಲ್ಲುತ್ತೇವೆ. ಅದಕ್ಕೇ ದೊಡ್ಡ ವಿಷಯವೇನಿದ್ದರೂ ಕಾಗದದಲ್ಲಿ ಬರೆಯಬೇಕು ಎಂದು ಅಮ್ಮ ಕಾನೂನು ಮಾಡಿದ್ದಾಳಲ್ಲ, ಅದನ್ನು ಪಾಲಿಸುತ್ತಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ, ಅದೂ ಒಂದು ಅನುಕೂಲ.

ವಿಷಯ ಇದು. ಇಲ್ಲಿ ಈ ಸಲದ ಸೀಸನ್ ಮುಗಿಯಿತು, ಡೇರೆಗಳನ್ನು ಮಡಚುತ್ತಿದ್ದಾರೆ. ಮೂರು ಚಳಿಗಾಲ ದೂರದರ್ಶಕ ಇಟ್ಟುಕೊಂಡು ಬಂದವರಿಗೆಲ್ಲ ನಕ್ಷತ್ರ ತೋರಿಸಿದ್ದೇನೆ. ಇನ್ನೆರಡು ವರ್ಷಕ್ಕೆ ಒಪ್ಪಂದದ ಕಾಗದಕ್ಕೆ ಸೈನು ಹಾಕು ಅನ್ನುತ್ತಾರೆ ಮಾಲೀಕರು. ಜೂನ್ ಕೊನೆಯೊಳಗೆ ಉತ್ತರ ಹೇಳಬೇಕು. ನನಗೆ ಊರಿಗೆ ಬರಬೇಕು ಅನ್ನಿಸಿದೆ, ಅಪ್ಪ. ಆದರೆ ನಿನ್ನ ಶೆಡ್ಡಿನಲ್ಲಿ ಚೌಕಟ್ಟುಗಳಿಗೆ ಪಾಲಿಶ್ ಹೊಡೆಯುತ್ತಾ ಕೂರುವುದಕ್ಕಲ್ಲ. ಇದೇ ಕೆಲಸವನ್ನು ನಮ್ಮ ಕಡೆ, ನಮ್ಮ ಶಾಲೆ ಮಕ್ಕಳಿಗೆ, ನಮ್ಮ ಜನಕ್ಕೆ ಮಾಡಬೇಕು. ನಾನು ಹೊರಡುವಾಗ ನೀನು "ಕತ್ತಲು ತೋರ್ಸೋದೂ ಒಂದ್ ಕೆಲ್ಸವೇನಮ್ಮ" ಎಂದು ಕೇಳಿದ್ದೆ. ಅದೇ ಕೆಲಸ. ಅದಕ್ಕೆ ಮೊದಲು ಕತ್ತಲು ಬೇಕು.

ಕತ್ತಲು ಹುಡುಕುವುದು ನೀನು ತಿಳಿದಷ್ಟು ಸುಲಭವಲ್ಲ. ಮರಳುಗಾಡಿನಲ್ಲೇ ನಾವು ಒದ್ದಾಡಿದ್ದೇವೆ. ಪಟ್ಟಣದಿಂದ ನಲವತ್ತು ಕಿಲೋಮೀಟರ್ ಆಚೆಗೂ ಕೋಟೆಯ ದೀಪಗಳ ಬೆಳಕು ಆಕಾಶದ ಅಂಚಿಗೆ ಅಂಟಿಕೊಂಡು ಬರುತ್ತದೆ. ಇನ್ನೊಂದು ಕಡೆ ಗಾಳಿಯಂತ್ರಗಳ ಕೆಂಪು ದೀಪ, ಮತ್ತೊಂದು ಕಡೆ ಪಕ್ಕದ ಶಿಬಿರದವರ ಕುಣಿತದ ದೀಪ. ಕೊನೆಗೆ ಎತ್ತರದ ಮರಳದಿಣ್ಣೆಯೊಂದನ್ನು ಪಟ್ಟಣಕ್ಕೆ ಅಡ್ಡ ಮಾಡಿಕೊಂಡು ಅದರ ಬೆನ್ನಿಗೆ ಕೂತಾಗ ಸರಿಯಾದ ಜಾಗ ಸಿಕ್ಕಿತು. ನಮ್ಮ ಕಡೆ ಅಂಥದ್ದೊಂದು ಜಾಗ ಇದೆಯಾ ನೋಡಿಕೊಡು. ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗು. ಟಾರ್ಚು, ಮೊಬೈಲು ಎರಡನ್ನೂ ಜೇಬಿನಲ್ಲಿಟ್ಟು ಇಪ್ಪತ್ತು ನಿಮಿಷ ಸುಮ್ಮನೆ ಕೂರು. ಆಮೇಲೆ ಕಣ್ಣಿಗೆ ಕಂಡದ್ದನ್ನು ಬರೆ.

ಸುಮ್ಮನೆ ಕೂರುವುದು ನಿನಗೆ ಕಷ್ಟ ಎಂದು ಗೊತ್ತಿದ್ದೂ ಕೇಳುತ್ತಿರುವ,
ಯಶು


ಕೆ.ಆರ್. ಪೇಟೆ
೬ ಮೇ ೨೦೨೫

ಮಗಳು ಯಶಸ್ವಿನಿಗೆ ಅಪ್ಪ ರಾಮಚಂದ್ರ ಆಚಾರಿಯ ಆಶೀರ್ವಾದ.

ಬಾಗಿಲು ಮಾಡಿಕೊಡು, ಮಂಚ ಮಾಡಿಕೊಡು, ತೊಟ್ಟಿಲು ಮಾಡಿಕೊಡು ಅಂದವರಿದ್ದಾರೆ. ಕತ್ತಲು ಹುಡುಕಿಕೊಡು ಎಂದು ಇದುವರೆಗೆ ಯಾರೂ ನನಗೆ ಆರ್ಡರ್ ಕೊಟ್ಟಿರಲಿಲ್ಲ. ಕೊಟ್ಟ ಮೇಲೆ ಬಿಡುವ ಆಳು ನಾನಲ್ಲ. ಕ್ಯಾತನಹಳ್ಳಿಯ ನನ್ನ ಸ್ನೇಹಿತ ಮರಿಸ್ವಾಮಿ ಗೊತ್ತಲ್ಲ, ಡೈರಿಗೆ ಹಾಲು ಹಾಕಿದ ಮೇಲೆ ಅವನಿಗೆ ಬೇರೆ ಕೆಲಸವಿಲ್ಲ. ಅವನ ಮೊಪೆಡ್ಡಿನಲ್ಲಿ ನಾಲ್ಕು ರಾತ್ರಿ ಸುತ್ತಿದೆವು.

ಮೊದಲು ಅವನ ಊರಿಗೇ ಹೋದೆವು. ಕಬ್ಬಿನ ಗದ್ದೆ ಕತ್ತಲಾಗಿಯೇ ಇತ್ತು, ಆದರೆ ಕಬ್ಬಿನ ನಡುವೆ ನಿಂತರೆ ಆಕಾಶ ಕಾಣುವುದು ಒಂದು ಮೊಳ ಅಗಲ. ಮಾಕವಳ್ಳಿ ಕಡೆ ಹೋದರೆ ಸಕ್ಕರೆ ಕಾರ್ಖಾನೆಯ ದೀಪ. ಶ್ರೀರಂಗಪಟ್ಟಣದ ಕರಿಘಟ್ಟ ಹತ್ತಿದರೆ ಮೈಸೂರಿನ ಬೆಳಕು ಎದುರಿಗೇ ಎದ್ದು ನಿಂತಿತ್ತು. ಪಾಂಡವಪುರದ ಕುಂತಿಬೆಟ್ಟದಲ್ಲಿ ಬೆಂಗಳೂರಿನ ಹುಡುಗರು ಹಣೆಗೆ ದೀಪ ಕಟ್ಟಿಕೊಂಡು ಸಾಲಾಗಿ ಹತ್ತುತ್ತಿದ್ದರು. ನಾವು ಕತ್ತಲು ಹುಡುಕುತ್ತಿದ್ದೇವೆ ಎಂದರೆ ಅವರು ನಮಗೂ ಒಂದು ದೀಪ ಕೊಡಲು ಬಂದರು.

ನಾಲ್ಕನೇ ರಾತ್ರಿ ಸಿಂಧಘಟ್ಟ ದಾಟಿ ಹೊಲದ ಹಾದಿಯಲ್ಲಿ ಹೋದೆವು. ಅಲ್ಲೊಂದು ಅಗಲವಾದ ಬಂಡೆ ಇದೆ. ಹುರುಳಿ ಬಡಿಯುವುದಕ್ಕೆ ಬಳಸುತ್ತಾರೆ, ಹಾಗಾಗಿ ಹುರುಳಿಬಂಡೆ ಅನ್ನುತ್ತಾರೆ. ಅದರಾಚೆಗೆ ನಾಗಮಂಗಲ ತಾಲ್ಲೂಕು, ಬರೀ ರಾಗಿ ಹೊಲ. ದಕ್ಷಿಣಕ್ಕೆ ಒಂದು ಗುಡ್ಡ ಅಡ್ಡ ಇದೆ, ನಿನ್ನ ಮರಳದಿಣ್ಣೆಯ ಹಾಗೆಯೇ. ಮೊಬೈಲು ಜೇಬಿಗೆ ಹಾಕಿ ಕೂತೆವು. ಐದು ನಿಮಿಷವೂ ಆಗಿರಲಿಲ್ಲ, ಹಿಂದಿನಿಂದ ಒಬ್ಬ ಮುದುಕಿ ದೊಣ್ಣೆ ಹಿಡಿದು ಬಂದಳು. ಹೆಸರು ಬೈರಮ್ಮ, ಬಂಡೆಯ ಪಕ್ಕದ ಹೊಲ ಅವಳದು. ರಾತ್ರಿ ಹೊತ್ತು ಬಂಡೆ ಮೇಲೆ ಕೂತವರು ನಿಧಿ ಕಳ್ಳರೇ ಎಂದು ಅವಳ ತೀರ್ಮಾನ. ಮರಿಸ್ವಾಮಿ, ನಕ್ಷತ್ರ ನೋಡಾಕ್ ಬಂದಿವಿ ಕಣವ್ವ ಅಂದ. ಅದಕ್ಕೆ ಅವಳು, "ಯಾಕ್ಲಾ, ನಿಮ್ಮೂರಲ್ಲಿ ನಕ್ಷತ್ರ ಉಟ್ಟಾಕಿಲ್ವಾ?" ಎಂದು ಕೇಳಿದಳು. ನನ್ನ ಕೈಯ ಉಳಿ ಗಾಯಗಳನ್ನು ಟಾರ್ಚು ಬಿಟ್ಟು ನೋಡಿದ ಮೇಲೆ ಆಚಾರಿ ಎಂದು ನಂಬಿ ಮಜ್ಜಿಗೆ ಕೊಟ್ಟಳು.

ಒಂದೇ ತೊಡಕು. ಹೋದ ವರ್ಷ ಚಿರತೆ ಅವಳ ಒಂದು ಕರು ಹೊತ್ತುಕೊಂಡು ಹೋಗಿದೆ. ಅಂದಿನಿಂದ ಕೊಟ್ಟಿಗೆಯ ಮುಂದೆ ಕಂಬ ನೆಟ್ಟು ದೊಡ್ಡ ಬಲ್ಬು ಹಾಕಿಸಿದ್ದಾಳೆ. ಅದರ ಬೆಳಕು ಸೀದಾ ಬಂಡೆಗೆ ಹೊಡೆಯುತ್ತದೆ. ಆರಿಸು ಅಂದರೆ ನನ್ನನ್ನೇ ಆರಿಸುವ ಹಾಗೆ ನೋಡಿದಳು. ಆದರೂ ಜಾಗ ಅಂದರೆ ಅದೇ ಜಾಗ.

ನಿದ್ದೆಗೆಟ್ಟಿದ್ದರೂ ಉತ್ಸಾಹದಲ್ಲಿರುವ,
ಅಪ್ಪ

ಯಶೂ, ನಿದ್ದೆಗೆಟ್ಟವರು ಬೆಳಿಗ್ಗೆ ಒಂದು ಬಾಗಿಲಿಗೆ ಚಿಲಕವನ್ನು ತಲೆಕೆಳಗು ಮಾಡಿ ಜಡಿದಿದ್ದಾರೆ. ಆದರೆ ಇಷ್ಟು ಖುಷಿಯಾಗಿ ಇರುವುದನ್ನು ನೋಡಿ ಬಹಳ ದಿನವಾಗಿತ್ತು. — ಅಮ್ಮ


ಕೆ.ಆರ್. ಪೇಟೆ
೨ ಜೂನ್ ೨೦೨೫

ಮಗಳೇ,

ಸಿಕ್ಕಿತು. ಹೋದ ಮಂಗಳವಾರ ಅಮಾವಾಸ್ಯೆ, ರೋಹಿಣಿ ಮಳೆ ಹುಟ್ಟಿ ಮೂರನೇ ದಿನ. ನಾನು, ಮರಿಸ್ವಾಮಿ ಹುರುಳಿಬಂಡೆಯ ಮೇಲೆ ಕೂತೆವು. ಬೈರಮ್ಮ ಬಲ್ಬು ಆರಿಸಿದಳು. ಆಕಾಶ ಅಂದರೆ ಅದು ಆಕಾಶ. ಒಂದು ಮೋಡ ಇಲ್ಲ. ಆಕಾಶಗಂಗೆ ಈ ಕಡೆಯಿಂದ ಆ ಕಡೆಗೆ ಸುಣ್ಣ ಬಳಿದಂತೆ ಕಂಡಿತು. ನೆತ್ತಿಯ ಮೇಲೆ ಸರಿಯಾಗಿ ರೋಹಿಣಿ ನಕ್ಷತ್ರ, ಕುಂಕುಮದ ಬಣ್ಣ, ಅಷ್ಟು ದಪ್ಪ ಇತ್ತು. ಮರಿಸ್ವಾಮಿ ಕೈ ಮುಗಿದ.

ನಿನ್ನ ಮರಳುಗಾಡಿಗಿಂತ ಒಂದು ಕೈ ಮೇಲು ಎಂದೇ ನನ್ನ ಅಭಿಪ್ರಾಯ. ಆ ಮಾಲೀಕರಿಗೆ ಆಗುವುದಿಲ್ಲ ಎಂದು ಹೇಳಿಬಿಡು. ನಿಮ್ಮಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದಾಳೆ. ಈ ಸಲ ಕಾಗದದಲ್ಲಿ ಏನೂ ಬರೆಯುವುದಿಲ್ಲವಂತೆ.

ನಿನ್ನ ದಾರಿ ನೋಡುವ,
ಅಪ್ಪ


ಜೈಸಲ್ಮೇರ್
೧೬ ಜೂನ್ ೨೦೨೫

ಅಪ್ಪ,

ನಮಸ್ಕಾರ ಆಮೇಲೆ ಹೇಳುತ್ತೇನೆ.

ನಿನ್ನ ಕಾಗದ ಬಂದ ದಿನ ಕುಣಿದಾಡಿಬಿಟ್ಟೆ. ಅದೇ ಮಧ್ಯಾಹ್ನ ಮಾಲೀಕರ ಮನೆಗೆ ಹೋಗಿ, ನಮ್ಮೂರಲ್ಲೇ ಜಾಗ ಸಿಕ್ಕಿದೆ, ನಿಮ್ಮ ಕಾಗದ ಬೇಡ ಎಂದು ಹೇಳಿ ಬಂದೆ. ರಾತ್ರಿ ಮತ್ತೆ ಓದಿದೆ. ಮೂರನೇ ಸಲ ಓದುವಾಗ ನಿನ್ನ ರೋಹಿಣಿ ಕಣ್ಣಿಗೆ ಬಿದ್ದಳು.

ಆ ಮಳೆಗೆ ರೋಹಿಣಿ ಎಂಬ ಹೆಸರು ಯಾಕೆ ಬಂತು ಗೊತ್ತಾ? ಆ ಹದಿನಾಲ್ಕು ದಿನ ಸೂರ್ಯ ರೋಹಿಣಿ ನಕ್ಷತ್ರದ ಜೊತೆಗಿರುತ್ತಾನೆ. ಇಬ್ಬರೂ ಒಟ್ಟಿಗೆ ಹುಟ್ಟುತ್ತಾರೆ, ಒಟ್ಟಿಗೆ ಮುಳುಗುತ್ತಾರೆ. ಹಗಲಿಡೀ ಅವಳು ಮೇಲೆ ಇದ್ದರೂ ಬಿಸಿಲಿನಲ್ಲಿ ಕಾಣುವುದಿಲ್ಲ, ರಾತ್ರಿ ಇರುವುದೇ ಇಲ್ಲ. ಯಾವ ನಕ್ಷತ್ರದ ಮಳೆ ನಡೆಯುತ್ತಿದೆಯೋ ಆ ನಕ್ಷತ್ರವೊಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆ. ಸುಳ್ಳು ಹೇಳಲು ಹೋಗಿ ಪಂಚಾಂಗ ನೋಡಿ ಅದರಲ್ಲಿರುವ ಹೆಸರನ್ನೇ ಬರೆದಿದ್ದೀಯ.

ಮೊದಲು ನಗು ಬಂತು. ಆಮೇಲೆ ಅಳು ಬಂತು. ಮಾರನೇ ದಿನ ಮತ್ತೆ ಮಾಲೀಕರ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು. ಒಳ್ಳೆಯ ಮನುಷ್ಯ, ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಇರು, ಅಷ್ಟರಲ್ಲಿ ಹೂಂ ಅಥವಾ ಉಹೂಂ ಹೇಳು ಅಂದರು. ಇದೇ ಕೊನೆಯ ಅವಕಾಶ.

ನನಗೆ ಆಕಾಶ ಚೆನ್ನಾಗಿಲ್ಲ ಅಂದಿದ್ದರೆ ಬೇಸರವಾಗುತ್ತಿರಲಿಲ್ಲ. ನಿನ್ನ ಕಣ್ಣನ್ನು ನಂಬಿ ಕೆಲಸ ಬಿಡಲು ಹೊರಟಿದ್ದೆನಲ್ಲ, ಅದಕ್ಕೆ ನೋವಾಗಿದೆ. ಇನ್ನೊಂದೇ ಸಲ ಕೇಳುತ್ತೇನೆ. ಮಳೆಗಾಲ ಕಳೆದು ನವೆಂಬರಿನಲ್ಲಿ ಕೃತ್ತಿಕೆ ಸಂಜೆಗೇ ಪೂರ್ವದಲ್ಲಿ ಮೇಲೇರಿರುತ್ತದೆ, ಒತ್ತೊತ್ತಾಗಿ ಕೂತ ಪುಟ್ಟ ಗುಂಪು. ಅದರಲ್ಲಿ ಎಷ್ಟು ಚುಕ್ಕಿ ಕಾಣುತ್ತವೆ ಎಣಿಸು. ಆರಕ್ಕಿಂತ ಕಡಿಮೆ ಕಂಡರೆ ಆ ಜಾಗ ಬೇಡ. ಏಳು, ಎಂಟು ಕಂಡರೆ ನೋಡೋಣ. ಎಷ್ಟು ಕಂಡರೂ ಅಷ್ಟೇ ಬರೆ.

ಈಗ ನಮಸ್ಕಾರ.
ಯಶಸ್ವಿನಿ


ಕೆ.ಆರ್. ಪೇಟೆ
೮ ಜುಲೈ ೨೦೨೫

ಯಶೂ,

ನಿನ್ನ ಅಮ್ಮ ವರಲಕ್ಷ್ಮಿ ಬರೆಯುತ್ತಿರುವುದು. ನಿನ್ನ ಕಾಗದ ಓದಿ ನಿಮ್ಮಪ್ಪ, ನಿಜ ಸಿಗುವ ತನಕ ಕಾಗದ ಬರೆಯುವುದಿಲ್ಲ ಎಂದು ಪೆನ್ನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾರೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆವತ್ತು ನಡೆದದ್ದು ಹೇಳುತ್ತೇನೆ. ಅಮಾವಾಸ್ಯೆ ರಾತ್ರಿ ಪೂರ್ತಿ ಮೋಡ. ಬಲ್ಬೂ ಆರಿಸಿರಲಿಲ್ಲ. ಮರಿಸ್ವಾಮಣ್ಣ ಹತ್ತು ಗಂಟೆಗೇ ಎದ್ದು ಬಂದರು. ನಿಮ್ಮಪ್ಪ ಮೂರು ಗಂಟೆಯ ತನಕ ಬಂಡೆಯ ಮೇಲೆ ಕೂತು, ಮಳೆ ಹಿಡಿದ ಮೇಲೆ ನೆನೆದು ತೊಪ್ಪೆಯಾಗಿ ಬಂದರು. ಆರು ದಿನ ಕಳೆದು ಕಾಗದ ಬರೆಯಲು ಕೂತರು. ಸುಳ್ಳು ಬರೆಯಬೇಡಿ ಎಂದೆ. "ಈ ತಿಂಗ್ಳೂ ಮೋಡ, ಬರೋ ತಿಂಗ್ಳೂ ಮೋಡ. ಅಷ್ಟರೊಳ್ಗೆ ಅವ್ಳು ಸೈನ್ ಹಾಕ್ಬುಡ್ತಾಳೆ ಕಣೆ" ಅಂದರು.

ಇದೇನೂ ಹೊಸದಲ್ಲ. ನಮ್ಮ ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಛತ್ರದ ಅಂಗಳಕ್ಕೆ ಕರೆದುಕೊಂಡು ಹೋಗಿ, ಅಗೋ ಅರುಂಧತಿ, ಕಂಡಳಾ ಎಂದು ಕೇಳಿದರು. ಕಣ್ಣು ಕುಕ್ಕುವ ಬಿಸಿಲು. ನಾನು ತಲೆ ತಗ್ಗಿಸಿದೆ. ನಿಮ್ಮಪ್ಪ ಮಾತ್ರ, ಚೆನ್ನಾಗಿ ಕಾಣ್ತಾವ್ಳೆ ಸ್ವಾಮಿ ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ಆವತ್ತೂ ಅವರಿಗೆ ಆತುರವೇ.

ಅವರಿಗೆ ನೀನು ಬೇಕು. ಹಾಗೆಂದು ಹೇಳಲು ಬಾರದೆ ಆಕಾಶವನ್ನು ಹೊಗಳಿದ್ದಾರೆ. ನನಗೂ ನೀನು ಬೇಕು, ನನಗೆ ಹೇಳಲು ಬರುತ್ತದೆ. ಆದರೂ ನಿನ್ನ ಕೆಲಸಕ್ಕೆ ಇಲ್ಲಿ ಜಾಗವಿಲ್ಲದಿದ್ದರೆ ಬರಬೇಡ. ಸುಮ್ಮನೆ ಬಂದು ಮುಖ ಸಪ್ಪಗೆ ಮಾಡಿಕೊಂಡು ಕೂತರೆ ನನಗೆ ನೋಡಲಾಗುವುದಿಲ್ಲ.

ಮೊನ್ನೆಯಿಂದ ಶೆಡ್ಡಿನಲ್ಲಿ ದಪ್ಪ ಹಲಗೆಗಳ ಒಂದು ಬಾಗಿಲು ಏಳುತ್ತಿದೆ. ಯಾರ ಮನೆಗೆ ಎಂದರೆ ಹೇಳುವುದಿಲ್ಲ. ಅಳತೆ ನೋಡಿದರೆ ಮನುಷ್ಯರ ಬಾಗಿಲಲ್ಲ.

ನಿನ್ನ ಅಮ್ಮ


ಜೈಸಲ್ಮೇರ್
೪ ಅಕ್ಟೋಬರ್ ೨೦೨೫

ಅಮ್ಮಾ,

ಡೇರೆಗಳು ಮತ್ತೆ ಎದ್ದಿವೆ. ನಿನ್ನ ಕಾಗದ ಮಡಿಕೆ ಬಿಟ್ಟು ಹರಿಯುವಷ್ಟು ಸಲ ಓದಿದೆ. ಅಪ್ಪನ ಮೇಲಿನ ಕೋಪ ಆಗಸ್ಟಿನಲ್ಲೇ ಮುಗಿಯಿತು, ಅವನಿಗೆ ಹೇಳಬೇಡ. ಆದರೆ ಲೆಕ್ಕ ಲೆಕ್ಕವೇ. ಡಿಸೆಂಬರ್ ಕೊನೆಗೆ ನಾನು ಸೈನು ಹಾಕಬೇಕು, ಇಲ್ಲ ಬಿಡಬೇಕು. ನಿನ್ನೆ ಬಂದ ಅತಿಥಿಯೊಬ್ಬರು ಶನಿಯ ಬಳೆ ನೋಡಿ ಚೆನ್ನಾಗಿದೆ ಎಂದು ಹೇಳಿ ಊಟಕ್ಕೆ ಹೋದರು. ದಿನವೂ ಹೀಗೆಯೇ. ಅವರನ್ನು ಮತ್ತೆ ನೋಡುವುದಿಲ್ಲ.

ಆ ಬಾಗಿಲು ಏನಾಯಿತು, ಅದನ್ನಾದರೂ ಬರೆ.
ಯಶು


ಕೆ.ಆರ್. ಪೇಟೆ
೨೩ ನವೆಂಬರ್ ೨೦೨೫

ಯಶು ಮಗ,

ಸುಳ್ಳು ಬರೆದೆ. ತಪ್ಪಾಯಿತು. ನಲವತ್ತು ವರ್ಷ ಒಂದು ನೂಲು ಹೆಚ್ಚುಕಮ್ಮಿಯಾದರೂ ಚೌಕಟ್ಟನ್ನು ವಾಪಸು ತಂದು ಸರಿಮಾಡಿದವನು, ಸ್ವಂತ ಮಗಳಿಗೆ ಅಳತೆ ತಪ್ಪಿಸಿ ಕೊಟ್ಟೆ. ಅದನ್ನು ಬರೆಯದೆ ಮುಂದಿನದು ಬರೆಯಲು ಕೈ ಬರಲಿಲ್ಲ.

ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬೈರಮ್ಮನ ಬಲ್ಬು ಆರಬೇಕಾದರೆ ಅವಳ ಭಯ ಹೋಗಬೇಕು ಎಂದು ನನಗೆ ತಡವಾಗಿ ಹೊಳೆಯಿತು. ಕೊಟ್ಟಿಗೆಗೆ ಇದ್ದದ್ದು ಬಿದಿರಿನ ತಡಿಕೆ. ಜಾಲಿ ಮರದ ಹಲಗೆಯಲ್ಲಿ ಬಾಗಿಲು ಮಾಡಿದೆ, ಮೇಲೆ ಗಾಳಿಗೆ ಕಬ್ಬಿಣದ ಜಾಲರಿ ಹಾಕಿದೆ, ಒಳಗೂ ಹೊರಗೂ ಅಗಳಿ ಇಟ್ಟೆ. ದೀಪಾವಳಿಗೆ ಮುಂಚೆ ಮರಿಸ್ವಾಮಿಯ ಟ್ರಾಕ್ಟರಿನಲ್ಲಿ ತಂದು ಕೂರಿಸಿದೆವು. ಬೈರಮ್ಮ ಹದಿನೈದು ದಿನ ಅದನ್ನು ಪರೀಕ್ಷೆ ಮಾಡಿದಳು. ಹೋರಿ ಬಿಟ್ಟು ಗುದ್ದಿಸಿದಳು. ಆಮೇಲೆ, ಅಮಾಸೆ ಒಂದಿನ ಆರುಸ್ತೀನಿ ಬಾ ಎಂದು ಹೇಳಿ ಕಳಿಸಿದಳು.

ಇಪ್ಪತ್ತನೇ ತಾರೀಖು ಗುರುವಾರ ಅಮಾವಾಸ್ಯೆ. ನಾನು, ನಿಮ್ಮಮ್ಮ, ಮರಿಸ್ವಾಮಿ ಏಳೂವರೆಗೆ ಬಂಡೆಯ ಮೇಲಿದ್ದೆವು. ಒಂಬತ್ತಕ್ಕೆ ಬೈರಮ್ಮ ಬಲ್ಬು ಆರಿಸಿ ಕಂಬಳಿ ಹೊದ್ದು ಬಂದಳು. ಮೊದಲು ಏನೂ ಕಾಣಲಿಲ್ಲ, ಪಕ್ಕದವರ ಮುಖವೂ ಕಾಣಲಿಲ್ಲ. ನೀನು ಹೇಳಿದ ಇಪ್ಪತ್ತು ನಿಮಿಷ ಸುಮ್ಮನೆ ಕೂತೆವು. ಹೇಗೆ ಬಂದವು ಎಂದು ಹೇಳಲಾರೆ ಮಗ, ಬಂದುಬಿಟ್ಟವು. ಹುಟ್ಟಿ ಐವತ್ತೆಂಟು ವರ್ಷವಾಯಿತು, ಇಷ್ಟು ಇವೆ ಎಂದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ನಿನಗೆ ನಾನು ಕೇಳಿದ ಪ್ರಶ್ನೆ ನೆನಪಾಗಿ ನಾಚಿಕೆಯಾಯಿತು.

ಕೃತ್ತಿಕೆ ಎಣಿಸಿದೆವು. ನನಗೆ ಆರು. ಕನ್ನಡಕ ಒರೆಸಿ ಎಣಿಸಿದರೂ ಆರೇ. ಮರಿಸ್ವಾಮಿಗೆ ಆರು. ನಿಮ್ಮಮ್ಮನಿಗೆ ಏಳು. ಬೈರಮ್ಮನಿಗೆ ಒಂಬತ್ತು. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ್ದಾಳಂತೆ, ಎಪ್ಪತ್ತೆರಡರ ಮುದುಕಿ ಒಂದೊಂದಾಗಿ ಬೆರಳು ಮಾಡಿ ತೋರಿಸಿದಳು. ಅದರ ಕೆಳಗೆ ಕೆಂಪಗೆ ಇರುವುದೇ ರೋಹಿಣಿ ಎಂದು ನಾನು ತೋರಿಸಿದೆ. ನಿನ್ನ ಕಾಗದ ಜೇಬಿನಲ್ಲೇ ಇತ್ತು, ಅದರಲ್ಲಿ ರೋಹಿಣಿ ಮಳೆಯ ಹೆಸರಿನ ಬಗ್ಗೆ ನೀನು ಬರೆದದ್ದನ್ನು ಬಾಯಿಪಾಠ ಒಪ್ಪಿಸಿದೆ. ಅವಳು ತಲೆಯ ಕಂಬಳಿ ಸರಿಸಿ ಕತ್ತೆತ್ತಿ ನೋಡಿದಳು. ಆಮೇಲೆ, "ಅಲ್ಲ ಕಣಾಚಾರಿ, ಅರ್ವತ್ ವರ್ಸದಿಂದ ರೋಣಿ ಮಳೆ ಬಂತು ಅಂತ ಎಳ್ಳು ಚೆಲ್ತಾವ್ನಿ. ಇವ್ಳ ಮೊಕ ಇವತ್ತೇ ಕಣಪ್ಪ ನೋಡುದ್ದು" ಅಂದಳು. ಆರಿದ್ರೆ ಯಾವುದು, ಮಗೆ ಯಾವುದು, ಉಬ್ಬೆ ಯಾವುದು ಎಂದು ಒಂದೊಂದೇ ಮಳೆಯ ಹೆಸರು ಹಿಡಿದು ಕೇಳಿದಳು. ನನಗೆ ಒಂದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ನಾಲ್ಕೂವರೆಗೆ ಈಶಾನ್ಯದಲ್ಲಿ ಸಪ್ತರ್ಷಿ ಮೇಲೆ ಬಂದಿತ್ತು. ನಿಮ್ಮಮ್ಮನೇ ಅರುಂಧತಿಯನ್ನು ಹುಡುಕಿ ನನಗೆ ತೋರಿಸಿದಳು. ಈ ಸಲ ಕಂಡಿತು.

ಈಗ ಕೆಟ್ಟದ್ದನ್ನೂ ಬರೆಯುತ್ತೇನೆ. ಗುಡ್ಡದ ಹಿಂದಿನಿಂದ ಮೈಸೂರಿನ ಬೆಳಕು ಒಂದು ಗೇಣು ಮೇಲಕ್ಕೆ ಬರುತ್ತದೆ. ಆಗ್ನೇಯದಲ್ಲಿ ಮಂಡ್ಯ ಇದೆ. ಎರಡು ಗಂಟೆಯ ಮೇಲೆ ಇಬ್ಬನಿ ಬಿದ್ದು ಕಂಬಳಿ ಒದ್ದೆಯಾಯಿತು. ಜೂನಿನಿಂದ ಅಕ್ಟೋಬರಿನ ತನಕ ಮೋಡ ನಂಬುವ ಹಾಗಿಲ್ಲ. ಮರಳುಗಾಡಿಗಿಂತ ಒಂದು ಕೈ ಮೇಲು ಅಂದಿದ್ದೆನಲ್ಲ, ಅದು ಸುಳ್ಳು. ಖಂಡಿತ ಕಡಿಮೆ. ಇನ್ನೊಂದು ತೊಡಕು ಬೈರಮ್ಮನದು. ದಿನಾ ಬಲ್ಬು ಆರಿಸಬೇಕೆಂದರೆ ಅವಳ ಒಂದು ಷರತ್ತಿದೆ. ಬಾಗಿಲು ಗಟ್ಟಿಯೇ ಇರಬಹುದು, ಬಾಗಿಲಿಗೆ ಕಣ್ಣಿಲ್ಲವಲ್ಲ ಅನ್ನುತ್ತಾಳೆ. ಮಾತಿನ ಸದ್ದಿದ್ದರೆ ಚಿರತೆ ಹತ್ತಿರ ಸುಳಿಯುವುದಿಲ್ಲ, ಹಾಗಾಗಿ ರಾತ್ರಿ ಬಂಡೆಯ ಮೇಲೆ ಎಚ್ಚರ ಇದ್ದು ಮಾತಾಡುತ್ತಿರುವವರು ಒಬ್ಬರು ಬೇಕು. ಅವಳ ಮಾತಲ್ಲೇ ಹೇಳುತ್ತೇನೆ: "ನಿನ್ ಮಗ್ಳುನ್ನ ಕರ್ಸು. ಅವ್ಳು ಕೂತ್ಕಂಡು ನಕ್ಷತ್ರದ್ ಕತೆ ಏಳ್ಲಿ, ನನ್ ಕರ ಉಳ್ಕತವೆ. ದಿನಾ ಒಂದ್ ಲೀಟ್ರು ಹಾಲ್ ಕೊಡ್ತೀನಿ."

ಇಷ್ಟೇ ಇರುವುದು. ನಿನಗೆ ಅಲ್ಲಿಯ ಆಕಾಶವೇ ಸರಿ ಅನ್ನಿಸಿದರೆ ಎರಡು ವರ್ಷಕ್ಕೆ ಸೈನು ಹಾಕು. ನಾನು ಮುನಿಸಿಕೊಳ್ಳುವುದಿಲ್ಲ. ನೀನು ಬಂದರೆ ಸಂತೋಷ, ಬಾರದಿದ್ದರೆ ಅಮ್ಮನನ್ನು ಕರೆದುಕೊಂಡು ನಾನೇ ಬಂದು ನಿನ್ನ ಮರಳದಿಣ್ಣೆಯ ಮೇಲೆ ಕೂರುತ್ತೇನೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ. ಇದನ್ನು ಏಪ್ರಿಲಿನಲ್ಲೇ ಬರೆದಿದ್ದರೆ ಮುಗಿಯುತ್ತಿತ್ತು.

ಕೃತ್ತಿಕೆಯಲ್ಲಿ ಆರೇ ಕಂಡ,
ಅಪ್ಪ


ಜೈಸಲ್ಮೇರ್
೭ ಡಿಸೆಂಬರ್ ೨೦೨೫

ಅಪ್ಪನಿಗೆ ಪೂರ್ತಿ ನಮಸ್ಕಾರ, ಅಮ್ಮನಿಗೂ ಪೂರ್ತಿ.

ನಿನ್ನ ಕಾಗದವನ್ನು ಈ ಸಲ ಒಂದೇ ಸಲ ಓದಿದೆ. ಎರಡನೇ ಸಲ ಓದಿ ತಪ್ಪು ಹುಡುಕುವ ಅಗತ್ಯ ಬೀಳಲಿಲ್ಲ. ಆರು ಎಂದು ಬರೆಯಲು ನಿನಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು. ಆ ಆರನ್ನು ನೋಡಿಯೇ ನನಗೆ ಕಣ್ಣು ತುಂಬಿತು.

ಮೈಸೂರಿನ ಒಂದು ಗೇಣು ಬೆಳಕಿನ ಬಗ್ಗೆ ಚಿಂತೆ ಬೇಡ, ಉತ್ತರಕ್ಕೆ ಮುಖ ಮಾಡಿ ಕೂರೋಣ. ಇಬ್ಬನಿಗೆ ಒಂದು ಚಪ್ಪರ ಬೇಕು, ಅದು ನಿನ್ನ ಕೆಲಸ. ಮಳೆಗಾಲದಲ್ಲಿ ಶಾಲೆಗಳಿಗೆ ಹೋಗಿ ಪಾಠ ಮಾಡುತ್ತೇನೆ. ಇಲ್ಲಿಯ ಆಕಾಶ ನಮ್ಮದಕ್ಕಿಂತ ಚೆನ್ನಾಗಿದೆ ಎಂಬುದು ನಿಜ. ಆದರೆ ಮೂರು ವರ್ಷದಲ್ಲಿ ಇಲ್ಲಿ ಒಬ್ಬರೂ ನನ್ನನ್ನು ಆರಿದ್ರೆ ಯಾವುದು ಎಂದು ಕೇಳಿಲ್ಲ. ಬೈರಮ್ಮಜ್ಜಿಗೆ ಹೇಳು, ಆರಿದ್ರೆ ಈಗಲೇ ಕಾಣುತ್ತದೆ, ಮಗೆಗೆ ನಡುರಾತ್ರಿಯ ತನಕ ಎದ್ದಿರಬೇಕು, ಉಬ್ಬೆ ಅದಕ್ಕೂ ಹಿಂದೆ ಬರುತ್ತದೆ. ಇಪ್ಪತ್ತೇಳನ್ನೂ ತೋರಿಸಲು ಒಂದು ವರ್ಷ ಬೇಕು.

ಇವತ್ತು ಬೆಳಿಗ್ಗೆ ಮಾಲೀಕರ ಬಳಿಗೆ ಹೋದೆ. ಬೇರೆ ಕಡೆ ಕೆಲಸ ಸಿಕ್ಕಿದೆ ಎಂದೆ. ಏನು ಕೆಲಸ ಎಂದು ಕೇಳಿದರು. ಹಿಂದಿಯಲ್ಲಿ ಅದನ್ನು ವಿವರಿಸಿ ಹೇಳುವಷ್ಟರಲ್ಲಿ ಇಬ್ಬರಿಗೂ ನಕ್ಕು ನಕ್ಕು ಸಾಕಾಯಿತು. ಹಳೆಯ ದೂರದರ್ಶಕವೊಂದನ್ನು ಕೈಯಾರೆ ಪೆಟ್ಟಿಗೆಗೆ ತುಂಬಿ ಕೊಟ್ಟಿದ್ದಾರೆ. ಜನವರಿ ಎರಡಕ್ಕೆ ರೈಲು ಹತ್ತುತ್ತೇನೆ. ಅಜ್ಜಿಗೆ ತಿಳಿಸು, ಹಾಲು ಒಂದು ಲೀಟರ್ ಸಾಕು.

ಇಂತಿ,
ಬೈರಮ್ಮನವರ ಕೊಟ್ಟಿಗೆಯ ರಾತ್ರಿ ಕಾವಲುಗಾರ್ತಿ,
ಯಶಸ್ವಿನಿ